ಸೂಜಿಗೂ ಊಟಕ್ಕೂ ನಡುವಿನ ಅರ್ಧ ಗಂಟೆ

ಶಿರಸಿಯ ಕಡೆಯ ಮದುವೆಮನೆಯಲ್ಲಿ ಪಂಕ್ತಿ ಎಷ್ಟು ಹೊತ್ತಿಗೆ ಕೂರುತ್ತದೆಂದು ಮನೆಯವರೂ ಖಚಿತವಾಗಿ ಹೇಳಲಾರರು. ಕಾರವಾರದ ಬೈತಖೋಲದಿಂದ ಹೊರಟ ದೋಣಿಯಲ್ಲಿ ಬಲೆ ಎಳೆದು ಮುಗಿಯುವ ತನಕ ಊಟದ ಮಾತೇ ಇರುವುದಿಲ್ಲ. ರೆಗ್ಯುಲರ್ ಎಂಬ ಹಳೆಯ ಬಗೆಯ ಇನ್ಸುಲಿನ್ ಬಳಸುವ ಮಧುಮೇಹಿಗೆ ಇದು ಸಣ್ಣ ಸಂಗತಿಯಲ್ಲ. ಊಟಕ್ಕೆ ಸುಮಾರು 30 ನಿಮಿಷ ಮೊದಲೇ ಅದನ್ನು ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡ ಮೇಲೆ ಊಟ ತಡವಾದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಕೆಲವೊಮ್ಮೆ ಪ್ರಜ್ಞೆ ತಪ್ಪುವ ಸ್ಥಿತಿಯೂ ಬರುತ್ತದೆ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ನಿನ ಮೊದಲ ಚುಚ್ಚುಮದ್ದು ಕೊಟ್ಟಾಗ ಯಾರೂ ನಿಮಿಷಗಳ ಲೆಕ್ಕ ಹಾಕುತ್ತಿರಲಿಲ್ಲ. ಆತ ಬದುಕಿದ್ದೇ ದೊಡ್ಡದು. ಆಗ ಇನ್ಸುಲಿನ್ನನ್ನು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. 1978ರಲ್ಲಿ ಬ್ಯಾಕ್ಟೀರಿಯಾಗಳಿಂದಲೇ ಮಾನವ ಇನ್ಸುಲಿನ್ ತಯಾರಿಸುವುದು ಸಾಧ್ಯವಾಗಿ, 1982ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮೋದನೆ ಸಿಕ್ಕಿತು. ಮೂಲ ಬದಲಾಯಿತು, ಆದರೆ ಅರ್ಧ ಗಂಟೆಯ ಕಾಯುವಿಕೆ ಹಾಗೆಯೇ ಉಳಿಯಿತು.

ಅದರ ಕಾರಣ 1969ರಲ್ಲೇ ಕಣ್ಣಿಗೆ ಬಿದ್ದಿತ್ತು. ಬ್ರಿಟಿಷ್ ರಸಾಯನಶಾಸ್ತ್ರಜ್ಞೆ ಡೊರೊಥಿ ಹಾಡ್ಜ್‌ಕಿನ್ ಮತ್ತು ಅವರ ಸಹೋದ್ಯೋಗಿಗಳು ಬಿಡಿಸಿ ತೋರಿಸಿದ ರಚನೆಯಲ್ಲಿ ಆರು ಇನ್ಸುಲಿನ್ ಅಣುಗಳು ಸತುವಿನ ಸುತ್ತ ಒಂದೇ ಗುಂಪಾಗಿ ಕೂಡಿಕೊಂಡಿದ್ದವು. ಬಾಟಲಿಯಲ್ಲಿ ಔಷಧ ಕೆಡದಿರಲು ಈ ಕೂಟ ಒಳ್ಳೆಯದೇ. ಆದರೆ ಚರ್ಮದ ಕೆಳಗೆ ಇಳಿದ ಮೇಲೆ ಗುಂಪು ಒಡೆದು ಅಣುಗಳು ಬಿಡಿಯಾಗದೆ ರಕ್ತನಾಳದೊಳಗೆ ಬೇಗ ಸೇರಲಾರವು. ತಡ ಆಗುವುದು ಅಲ್ಲಿಯೇ. ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಈ ತೊಡಕಿಲ್ಲ, ಆದ್ದರಿಂದಲೇ ಆಸ್ಪತ್ರೆಗಳಲ್ಲಿ ಕೀಟೋಆಸಿಡೋಸಿಸ್ (ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ) ಚಿಕಿತ್ಸೆಗೆ ಇಂದಿಗೂ ಡ್ರಿಪ್‌ನಲ್ಲಿ ರೆಗ್ಯುಲರ್ ಇನ್ಸುಲಿನ್ ಕೊಡುತ್ತಾರೆ.

1996ರಲ್ಲಿ ಬಂದ ಲಿಸ್ಪ್ರೋ ಎಂಬ ತ್ವರಿತ (ಬೇಗ ಕೆಲಸ ಮಾಡುವ) ಇನ್ಸುಲಿನ್ನಿನಲ್ಲಿ, ಅಣುವಿನ ಎರಡು ಸರಪಳಿಗಳಲ್ಲಿ ಒಂದಾದ ಬಿ ಸರಪಳಿಯ 28 ಮತ್ತು 29ನೇ ಸ್ಥಾನದ ಅಮೈನೋ ಆಮ್ಲಗಳನ್ನು ಅದಲುಬದಲು ಮಾಡಲಾಗಿತ್ತು. ಅನಂತರ ಬಂದ ಇನ್ನೊಂದು ತ್ವರಿತ ಇನ್ಸುಲಿನ್ ಆಸ್ಪಾರ್ಟ್‌ನಲ್ಲಿ 28ನೆಯದನ್ನೇ ಬದಲಿಸಿದರು. ಇಷ್ಟರಿಂದಲೇ ಗುಂಪು ಸಡಿಲವಾಗಿ, ಔಷಧ 10–15 ನಿಮಿಷದಲ್ಲಿ ಕೆಲಸ ಶುರು ಮಾಡಿ, ಒಂದೆರಡು ಗಂಟೆಯಲ್ಲಿ ತುದಿ ಮುಟ್ಟಿ, 3–5 ಗಂಟೆಯಲ್ಲಿ ಇಳಿದುಹೋಗುತ್ತದೆ. ರೆಗ್ಯುಲರ್‌ನ ತುದಿ 2–4 ಗಂಟೆಗೆ, ಪರಿಣಾಮ ಸುಮಾರು 8 ಗಂಟೆಯವರೆಗೂ ಇರಬಹುದು. ರಾತ್ರಿ ಗಂಜಿ ಉಂಡು ಮಲಗಿದವರಿಗೆ ನಡುರಾತ್ರಿ ಸಕ್ಕರೆ ಇಳಿಯುವುದು ಎಷ್ಟೋ ಸಲ ಈ ಉಳಿದ ಬಾಲದಿಂದ.

ಎಲೆಯ ಮೇಲೆ ಅನ್ನ ಬಿದ್ದ ಮೇಲೆ ಚುಚ್ಚಿಕೊಳ್ಳಬಹುದಾದ ಔಷಧ ನಮ್ಮ ಕಡೆಯವರಿಗೆ ನಿಜವಾದ ಅನುಕೂಲ. ಎಷ್ಟು ಉಣ್ಣುತ್ತದೆಂದು ತಿಳಿಯದ ಮಗುವಿಗೆ ಊಟವಾದ ಕೂಡಲೇ ಕೊಡಲೂ ಆಗುತ್ತದೆ. ಆದರೂ ಹೊಸದೇ ಎಲ್ಲರಿಗೂ ಮೇಲು ಎನ್ನಲು ನಾನು ಸಿದ್ಧನಿಲ್ಲ. ಟೈಪ್ 1 ಮಧುಮೇಹದ (ದೇಹದಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ತಯಾರಾಗದ ಬಗೆ) ವಯಸ್ಕರ ಕುರಿತು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕೊಕ್ರೇನ್ ಸಂಸ್ಥೆಯ ವಿಮರ್ಶೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯ (HbA1c) ಲಾಭ ಕಂಡದ್ದು ಕೇವಲ 0.15 ಶೇಕಡಾ ಅಂಶದಷ್ಟು. ಹೊತ್ತಿಗೆ ಸರಿಯಾಗಿ ಉಣ್ಣುವ, ಕೈಯಿಂದಲೇ ಹಣ ಕೊಡಬೇಕಾದ ಟೈಪ್ 2 (ಇನ್ಸುಲಿನ್ ಇದ್ದೂ ದೇಹಕ್ಕೆ ಸಾಲದಾಗುವ ಬಗೆ) ರೋಗಿ ಅಗ್ಗದ ರೆಗ್ಯುಲರ್‌ನಲ್ಲೇ ಚೆನ್ನಾಗಿರಬಹುದು. ಅದು ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ.

ರೆಗ್ಯುಲರ್ ಬಿಟ್ಟು ತ್ವರಿತಕ್ಕೆ ಬದಲಾಯಿಸುವಾಗ ವೈದ್ಯರನ್ನು ಎರಡು ವಿಷಯ ಕೇಳಿಕೊಳ್ಳಲೇಬೇಕು. ಹಳೆಯ ಅಭ್ಯಾಸದಂತೆ ತ್ವರಿತ ಇನ್ಸುಲಿನ್ನನ್ನು ಅರ್ಧ ಗಂಟೆ ಮೊದಲೇ ತೆಗೆದುಕೊಂಡರೆ ತುತ್ತು ಬಾಯಿಗೆ ಹೋಗುವ ಮೊದಲೇ ಸಕ್ಕರೆ ಕುಸಿಯಬಹುದು, ಆದ್ದರಿಂದ ಹೊತ್ತನ್ನು ಮತ್ತೆ ಗೊತ್ತು ಮಾಡಿಕೊಳ್ಳಬೇಕು. ಎರಡನೆಯದು ಸಿರಿಂಜ್. ರೆಗ್ಯುಲರ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನ ಬಾಟಲಿಯಲ್ಲಿ ಸಿಗುತ್ತದೆ, ತ್ವರಿತದ್ದು 100ರಲ್ಲಿ. ಕೆಂಪು ಮುಚ್ಚಳದ 40ರ ಸಿರಿಂಜ್‌ನಲ್ಲಿ 100ರ ಔಷಧವನ್ನು 10ರ ಗೆರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. 100ರ ಔಷಧಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜೇ ಬೇಕು.