ಆಸೆ 95, ನಂಬಿಕೆ 70

ಡೊಂಬಿವಲಿಯ ನನ್ನ ಗೆಳೆಯರು ಹದಿನಾಲ್ಕನೆಯ ವಯಸ್ಸಿಗೇ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ತೂಕಡಿಸುತ್ತಲೇ ಓದಿ ಪಾಸಾದವರು. ಈಗ ಮಗಳು ಹತ್ತನೆಯ ತರಗತಿ.

"ಗಣಿತದಲ್ಲಿ ಅವಳಿಗೆ ನೂರಕ್ಕೆ ಎಷ್ಟು ಬರಬೇಕು?" ಎಂದು ಕೇಳಿದೆ.

"95," ಎಂದರು ತಟ್ಟನೆ.

"ಎಷ್ಟು ಬಂದೀತು?"

ಅವರು ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು. "70 ಬಂದರೆ ದೊಡ್ಡದು ಮಾಸ್ಟ್ರೇ."

ಒಳಗೆ ಪುಟ ಮಗುಚುವ ಸದ್ದು ನಿಂತಿತು.

ಈ ಎರಡು ಪ್ರಶ್ನೆಗಳನ್ನು ನಾನು ಕಡ ತಂದದ್ದು ಜರ್ಮನಿಯಿಂದ. ಅಲ್ಲಿನ ಬವೇರಿಯಾ ರಾಜ್ಯದ 3,530 ಪ್ರೌಢಶಾಲಾ ಮಕ್ಕಳನ್ನೂ ಅವರ ಹೆತ್ತವರನ್ನೂ 2002ರಿಂದ 2007ರವರೆಗೆ ಪ್ರತಿ ವರ್ಷ ವಿಚಾರಿಸಲಾಗಿತ್ತು. ಮಗುವಿಗೆ ಗಣಿತದಲ್ಲಿ ಯಾವ ದರ್ಜೆ ಸಿಗಲಿ ಎಂದು ನಿಮ್ಮ ಆಸೆ? ಯಾವುದು ಸಿಕ್ಕೀತು ಎಂದು ನಿಮ್ಮ ನಂಬಿಕೆ? ಮನೋವಿಜ್ಞಾನಿ ಕೋ ಮುರಾಯಾಮ ಮತ್ತು ಸಂಗಡಿಗರು ಈ ಉತ್ತರಗಳನ್ನು ಮಕ್ಕಳ ಕಲಿಕೆಯೊಂದಿಗೆ ತಾಳೆ ಹಾಕಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆತ್ತವರ ಆಸೆ ದೊಡ್ಡದಿದ್ದಲ್ಲಿ ಮಕ್ಕಳು ವರ್ಷದಿಂದ ವರ್ಷಕ್ಕೆ ಮುಂದೆ ಹೋಗಿದ್ದರು. ಆದರೆ ಆಸೆ ನಂಬಿಕೆಯನ್ನು ಮೀರಿ ಬೆಳೆದಿದ್ದಲ್ಲಿ, ಮೀರಿದಷ್ಟೂ ಕಲಿಕೆ ಕುಸಿದಿತ್ತು. ಅಮೆರಿಕದ ಮಕ್ಕಳ ಅಂಕಿಅಂಶಗಳಲ್ಲೂ ಇದೇ ಚಿತ್ರ ಕಂಡಿತು.

ಹೀಗೇಕೆ? ಒತ್ತಡ, ಅತಿಯಾದ ನಿಗಾ ಕಾರಣವಿರಬಹುದು ಎನ್ನುತ್ತಾರೆ ಸಂಶೋಧಕರು. ನನಗೆ ಕಾಣುವುದು ಇನ್ನೂ ಒಂದು. ಮಕ್ಕಳ ಕಿವಿಗೆ 95 ಒಂದೇ ಬೀಳುವುದಿಲ್ಲ, ತಗ್ಗಿಸಿದ ದನಿಯ 70 ಕೂಡ ಬೀಳುತ್ತದೆ.

ಗೆಳೆಯರ ಮಗಳಿಗೋ ಭವಿಷ್ಯದ ಬಗ್ಗೆ ಅಂಜಿಕೆಯೇ ಇಲ್ಲ. ಕಡಲಜೀವಿಗಳನ್ನು ಓದಬೇಕು, ಮುಂದೆ ವರ್ಸೋವಾದ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಗೆ ಸೇರಬೇಕು ಎನ್ನುತ್ತಾಳೆ. ಲೋಕಲ್‌ನಲ್ಲಿ ಘಾಟ್‌ಕೋಪರ್‌ವರೆಗೆ ಹೋಗಿ ಮೆಟ್ರೋ ಹಿಡಿದರೆ ಸೀದಾ ವರ್ಸೋವಾ ಎಂಬುದನ್ನೂ ಗೊತ್ತು ಮಾಡಿಕೊಂಡಿದ್ದಾಳೆ! ಅಮೆರಿಕದ ಮನೋವಿಜ್ಞಾನಿ ಚಾರ್ಲ್ಸ್ ಸ್ನೈಡರ್ ಭರವಸೆಯನ್ನು ಎರಡಾಗಿ ಬಿಡಿಸಿ ತೋರಿಸಿದ್ದರು: ಮಾಡಿಯೇನೆಂಬ ಛಲ, ಮಾಡುವ ದಾರಿಯ ಅರಿವು. ಛಲವೊಂದೇ ಇದ್ದರೆ ಅದು ಬರಿಯ ಕನಸು. ಈ ಹುಡುಗಿಯ ಬಳಿ ಎರಡೂ ಇವೆ.

"ಹೀಗೇ ಓದಿದರೆ ಹೋಟೆಲೇ ಗತಿ" ಎಂದು ಅಪ್ಪ ಹೆದರಿಸುವುದುಂಟು. ಅವರು ಪಟ್ಟ ಪಾಡು ನೆನೆದರೆ ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಅದು ಅವಳಿಗೆ ತಾಗುವುದು ಕಡಿಮೆ. 9ರಿಂದ 26 ವರ್ಷದವರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಮೂಳೆ ಮುರಿಯುವಂಥ ಕೆಟ್ಟ ಘಟನೆ ನಿನಗೆ ಆಗುವ ಸಾಧ್ಯತೆ ಎಷ್ಟು ಎಂದು ಮೊದಲು ಕೇಳಿದರು. ಜನರಿಗೆ ಅದು ಆಗುವ ನಿಜವಾದ ಸರಾಸರಿ ಸಾಧ್ಯತೆಯನ್ನು ಹೇಳಿ, ಮತ್ತೆ ಕೇಳಿದರು. ಸರಾಸರಿ ತಾವೆಣಿಸಿದ್ದಕ್ಕಿಂತ ಕಡಿಮೆ ಎಂದು ತಿಳಿದಾಗ ಎಲ್ಲ ವಯಸ್ಸಿನವರೂ ಅಂದಾಜನ್ನು ಸಮನಾಗಿ ತಿದ್ದಿಕೊಂಡರು. ಹೆಚ್ಚು ಎಂದು ತಿಳಿದಾಗ ಮಾತ್ರ, ಚಿಕ್ಕವರಾದಷ್ಟೂ ತಿದ್ದಿಕೊಂಡದ್ದು ಕಡಿಮೆ. ಪ್ರಯೋಗದಲ್ಲಿ ಬೈಗುಳವನ್ನೇನೂ ಅಳೆದಿರಲಿಲ್ಲ. ಆದರೂ ಹದಿನೈದರ ಮಗಳಿಗೆ ಬರಿಯ ಅಪಾಯಗಳನ್ನೇ ಎಣಿಸಿ ಹೇಳುವುದರಿಂದ ಹೆಚ್ಚೇನೂ ಗಿಟ್ಟುವುದಿಲ್ಲ ಎಂದು ನನಗೆ ಇದರಿಂದ ಅನಿಸಿದೆ.

ಇದನ್ನೆಲ್ಲ ಗೆಳೆಯರಿಗೆ ಹೇಳಿದೆ. ಅವರು ಮಾತಾಡಲಿಲ್ಲ. ಮುಂದಿನ ಭಾನುವಾರ ನಾನು ಹೋದಾಗ ಮಗಳ ಪಕ್ಕದಲ್ಲೇ ಕೂತಿದ್ದರು. ಮಹಾರಾಷ್ಟ್ರದ ಹತ್ತನೆಯ ತರಗತಿಯಲ್ಲಿ ಬೀಜಗಣಿತ, ಭೂಮಿತಿ ಎಂದು ಗಣಿತಕ್ಕೆ 40 ಅಂಕಗಳ ಎರಡು ಲಿಖಿತ ಪತ್ರಿಕೆಗಳು. ಅವಳು ಎಡವುತ್ತಿದ್ದುದು ಭೂಮಿತಿಯಲ್ಲಿ.

"40ಕ್ಕೆ ಎಷ್ಟು ತೆಗೆಯಬಲ್ಲೆ?" ಎಂದು ಅಪ್ಪ ಕೇಳಿದರು.

"ಈಗ 24. ಪರೀಕ್ಷೆ ಹೊತ್ತಿಗೆ 32 ಆಗುತ್ತದೆ ಅಪ್ಪಾ."

"ಎಲ್ಲಿಂದ ಶುರು ಮಾಡೋಣ?"

ಅವಳು ವೃತ್ತದ ಪಾಠ ತೆಗೆದು ಕೈವಾರಕ್ಕೆ ಪೆನ್ಸಿಲ್ ಸಿಕ್ಕಿಸಿದಳು.