ಫಿಂಗರ್ ಲೇಕ್ಸ್ ವೈನಿನ ಹುಳಿ ಎಲ್ಲಿಂದ ಬರತ್ತೆ

ನ್ಯೂಯಾರ್ಕ್ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಮ್ಯಾನ್‌ಹಟನ್ನಿನ ಎತ್ತರದ ಬಿಲ್ಡಿಂಗುಗಳು, ಆದ್ರೆ ಅದೇ ರಾಜ್ಯದಲ್ಲಿ ಸಿಟಿ ಬಿಟ್ಟು ಕಾರಲ್ಲಿ ನಾಲ್ಕೈದು ಗಂಟೆ ವಾಯವ್ಯಕ್ಕೆ ಹೋದ್ರೆ ಫಿಂಗರ್ ಲೇಕ್ಸ್ ಅನ್ನೋ ಪ್ರದೇಶ ಸಿಗತ್ತೆ. ಉತ್ತರ ದಕ್ಷಿಣವಾಗಿ ಉದ್ದುದ್ದಕ್ಕೆ ಮಲಗಿರೋ 11 ಸರೋವರಗಳು, ದಡದ ಇಳಿಜಾರಿನ ತುಂಬ ದ್ರಾಕ್ಷಿ ತೋಟಗಳು, ಒಟ್ಟು ನೂರಕ್ಕೂ ಹೆಚ್ಚು ವೈನರಿಗಳು. ಚಳಿಗಾಲದಲ್ಲಿ ಇಲ್ಲಿ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಮುಟ್ಟೋದೂ ಉಂಟು, ಯುರೋಪಿನ ದ್ರಾಕ್ಷಿ ಬಳ್ಳಿಗೆ ಅದು ಸಾವು ಬದುಕಿನ ಗಡಿ. ಅಂಥ ಜಾಗದಲ್ಲಿ ರೀಸ್ಲಿಂಗ್ ಅನ್ನೋ ಬಿಳಿ ವೈನಿನ ದ್ರಾಕ್ಷಿ ಇಷ್ಟು ಚೆನ್ನಾಗಿ ಹೇಗೆ ಬೆಳೆಯತ್ತೆ ಅಂತ ಕೇಳಿದ್ರೆ ಉತ್ತರ ಟೇಸ್ಟಿಂಗ್ ರೂಮಿನ ಕಿಟಕಿಯಿಂದಾಚೆ ಕಾಣ್ತಿರೋ ನೀರಲ್ಲಿದೆ. ಇಲ್ಲಿ ವೈನ್ ಕುಡಿಯೋಕೆ ಹೋಗೋರು ಆ ನೀರಿನ ಕೆಲಸ ಸ್ವಲ್ಪ ತಿಳ್ಕೊಂಡು ಹೋದ್ರೆ ಗ್ಲಾಸಿನಲ್ಲಿ ಸಿಗೋ ರುಚಿ ದುಪ್ಪಟ್ಟು ಅರ್ಥ ಆಗತ್ತೆ ಅನ್ನೋದು ನನ್ನ ಗಟ್ಟಿ ನಂಬಿಕೆ.

ಮೊದಲು ಸರೋವರದ ಆಳ. ಹಿಮಯುಗಗಳಲ್ಲಿ ಉತ್ತರದಿಂದ ಇಳಿದು ಬಂದ ಹಿಮನದಿಗಳು ಇಲ್ಲಿದ್ದ ಹಳೇ ನದಿ ಕಣಿವೆಗಳನ್ನೇ ಮತ್ತೆ ಮತ್ತೆ ಕೆರೆದು ಆಳ ಮಾಡಿದವು, ಹಿಮ ಕರಗಿ ಹಿಂದೆ ಸರಿದಾಗ ಆ ಕಣಿವೆಗಳಲ್ಲಿ ನೀರು ನಿಂತಿತು. ಅಗಲ ಕಮ್ಮಿ, ಆಳ ಜಾಸ್ತಿ. ಇವುಗಳಲ್ಲಿ ಅತಿ ಆಳದ ಸೆನೆಕಾ ಸರೋವರ 61 ಕಿಲೋಮೀಟರ್ ಉದ್ದ, ಆಳ 188 ಮೀಟರ್. ಅದರ ನೀರಿನ ಮಟ್ಟ ಸಮುದ್ರ ಮಟ್ಟಕ್ಕಿಂತ ಸುಮಾರು 136 ಮೀಟರ್ ಮೇಲಿದೆ, ಅಂದ್ರೆ ಲೆಕ್ಕ ಹಾಕಿ ನೋಡಿ, ಸಮುದ್ರದಿಂದ ಇಷ್ಟು ದೂರ ಒಳನಾಡಿನಲ್ಲಿದ್ರೂ ಈ ಸರೋವರದ ತಳ ಸಮುದ್ರ ಮಟ್ಟಕ್ಕಿಂತ 50 ಮೀಟರ್ ಕೆಳಗಿದೆ! ಪಕ್ಕದ ಕಯೂಗಾ ಕೂಡ ಹೆಚ್ಚುಕಮ್ಮಿ ಅಷ್ಟೇ ಉದ್ದ, 133 ಮೀಟರ್ ಆಳ.

ಇಷ್ಟು ಆಳ ಯಾಕೆ ಮುಖ್ಯ ಅಂದ್ರೆ ನೀರು ಶಾಖವನ್ನ ಹಿಡಿದಿಟ್ಟುಕೊಳ್ಳೋ ರೀತಿಯೇ ಬೇರೆ. ಒಂದು ಘನ ಮೀಟರ್ ನೀರು ಒಂದು ಡಿಗ್ರಿ ತಣ್ಣಗಾದಾಗ ಹೊರಗೆ ಬಿಡೋ ಶಾಖದಿಂದ ಮೂರು ಸಾವಿರಕ್ಕೂ ಹೆಚ್ಚು ಘನ ಮೀಟರ್ ಗಾಳಿಯನ್ನ ಒಂದು ಡಿಗ್ರಿ ಬಿಸಿ ಮಾಡಬಹುದು. ಜೊತೆಗೆ ನೀರಿಗೆ ಇನ್ನೊಂದು ಗುಣ ಇದೆ, ಅದು ಅತಿ ಹೆಚ್ಚು ಸಾಂದ್ರ ಆಗೋದು ಸೊನ್ನೆ ಡಿಗ್ರಿಯಲ್ಲಲ್ಲ, 4 ಡಿಗ್ರಿಯಲ್ಲಿ. ಚಳಿ ಶುರುವಾದಾಗ ಮೇಲಿನ ನೀರು ತಣ್ಣಗಾಗಿ ಭಾರ ಆಗಿ ಕೆಳಗಿಳಿಯತ್ತೆ, ಕೆಳಗಿನ ಬೆಚ್ಚನೆ ನೀರು ಮೇಲೆ ಬರತ್ತೆ, ಅದು ತಣ್ಣಗಾಗಿ ಮತ್ತೆ ಇಳಿಯತ್ತೆ, ಹೀಗೆ ಇಡೀ ಸರೋವರ 4 ಡಿಗ್ರಿಗೆ ಬರೋ ತನಕ ಈ ತಿರುಗಾಟ ನಡೀತಾನೇ ಇರತ್ತೆ, ಅಲ್ಲಿಯವರೆಗೂ ಮೇಲ್ಮೈ ಹೆಪ್ಪುಗಟ್ಟೋ ಪ್ರಶ್ನೆಯೇ ಬರಲ್ಲ. ಆಳ ಕಮ್ಮಿ ಇರೋ ಕೆರೆ ಡಿಸೆಂಬರಲ್ಲೇ ಗಟ್ಟಿಯಾಗಿ ಹೋಗತ್ತೆ, ಸೆನೆಕಾದಂಥ ಸರೋವರ ಪೂರ್ತಿ ಹೆಪ್ಪುಗಟ್ಟೋದು ಬಹಳ ಅಪರೂಪ. ಐಸ್ ಮುಚ್ಚಳ ಇಲ್ಲದ ನೀರು ಚಳಿಗಾಲ ಪೂರ್ತಿ ಶಾಖ ಬಿಡ್ತಾನೇ ಇರತ್ತೆ, ಅದರ ಪಾಲು ದಡದ ತೋಟಕ್ಕೆ ಸಿಗತ್ತೆ.

ಇಳಿಜಾರಿನದ್ದೂ ಒಂದು ಪಾತ್ರ ಇದೆ. ರಾತ್ರಿ ನೆಲ ತಣ್ಣಗಾದಾಗ ಅದಕ್ಕೆ ತಾಗಿರೋ ಗಾಳಿಯೂ ತಣ್ಣಗಾಗಿ ಭಾರ ಆಗತ್ತೆ, ಚೆಲ್ಲಿದ ನೀರಿನ ಹಾಗೆ ಇಳಿಜಾರು ಹಿಡಿದು ಕೆಳಗೆ ಹರಿಯತ್ತೆ. ಕೆಳಗೆ ಸರೋವರದ ಮೇಲಿರೋ ಬೆಚ್ಚನೆ ಗಾಳಿ ಮೇಲೆದ್ದು ಅದರ ಜಾಗ ತುಂಬತ್ತೆ. ಅದಕ್ಕೇ ಒಳ್ಳೆ ತೋಟಗಳೆಲ್ಲ ನೀರಿಗೆ ಹತ್ತಿರದ ಇಳಿಜಾರಲ್ಲಿವೆ, ಗುಡ್ಡದ ಮೇಲೆ ಸಪಾಟಾದ ಜಾಗದಲ್ಲಿ ಜೋಳ, ಹುಲ್ಲು ಬೆಳೀತಾರೆ. ಸೆನೆಕಾದ ಆಗ್ನೇಯ ದಡಕ್ಕೆ ಸ್ಥಳೀಯರು ಬನಾನಾ ಬೆಲ್ಟ್ ಅಂತಾನೇ ಕರೀತಾರೆ, ಅಲ್ಲಿ ಬಾಳೆ ಏನೂ ಬೆಳೆಯಲ್ಲ, ಸುತ್ತಮುತ್ತಲಿಗಿಂತ ಬೆಚ್ಚಗಿರತ್ತೆ ಅಂತ ಅಷ್ಟೇ. ವಸಂತದಲ್ಲಿ ಇದೇ ಸರೋವರ ಉಲ್ಟಾ ಕೆಲಸ ಮಾಡತ್ತೆ, ಏಪ್ರಿಲ್‌ನಲ್ಲಿ ನೀರು ಇನ್ನೂ ತಣ್ಣಗಿರೋದ್ರಿಂದ ದಡದ ಗಾಳಿಯನ್ನೂ ತಂಪಾಗಿಡತ್ತೆ, ಮೊಗ್ಗು ಬೇಗ ಒಡೆಯಲ್ಲ, ಒಡೆಯೋ ಹೊತ್ತಿಗೆ ಕಡೇ ಹಿಮಮಂಜಿನ ಭಯ ಬಹುಮಟ್ಟಿಗೆ ಕಳೆದಿರತ್ತೆ. ಶರತ್ಕಾಲದಲ್ಲಿ ಬೇಸಿಗೆಯ ಶಾಖ ಉಳಿಸಿಕೊಂಡಿರೋ ನೀರು ಕೊಯ್ಲಿನ ಕಾಲವನ್ನ ಅಕ್ಟೋಬರ್ ಕೊನೆ ತನಕ ಎಳೆಯತ್ತೆ.

ಇಷ್ಟೆಲ್ಲ ಇದ್ರೂ ಯುರೋಪಿನ ದ್ರಾಕ್ಷಿ, ಅಂದ್ರೆ ವಿಟಿಸ್ ವಿನಿಫೆರಾ, ಇಲ್ಲಿ ಬದುಕಲ್ಲ ಅಂತಾನೇ ಬಹಳ ಕಾಲ ಜನ ನಂಬಿದ್ರು. ಹ್ಯಾಮಂಡ್ಸ್‌ಪೋರ್ಟ್‌ನಲ್ಲಿ ಪ್ಲೆಸೆಂಟ್ ವ್ಯಾಲಿ ವೈನ್ ಕಂಪನಿ 1860ರಲ್ಲೇ ಶುರುವಾಗಿತ್ತು, ಆದ್ರೆ ಬೆಳೀತಿದ್ದಿದ್ದು ಕಟಾಬಾ, ಕಾಂಕಾರ್ಡ್ ಥರದ ಅಮೆರಿಕನ್ ತಳಿಗಳು. ಅವು ಚಳಿ ತಡೀತವೆ, ಆದ್ರೆ ಕಾಂಕಾರ್ಡ್‌ನಲ್ಲಿ ಮೀಥೈಲ್ ಆಂಥ್ರನಿಲೇಟ್ ಅನ್ನೋ ರಾಸಾಯನಿಕದ ಒಂದು ಗಾಢ ವಾಸನೆ ಇರತ್ತೆ, ದ್ರಾಕ್ಷಿ ಫ್ಲೇವರಿನ ಕ್ಯಾಂಡಿಗೆ ಬಳಸೋದೂ ಅದನ್ನೇ, ವೈನಿನಲ್ಲಿ ಎಲ್ಲರಿಗೂ ಹಿಡಿಸಲ್ಲ. ಆಮೇಲೆ 1951ರಲ್ಲಿ ಕಾನ್‌ಸ್ಟಂಟಿನ್ ಫ್ರಾಂಕ್ ಅನ್ನೋ ವಿಜ್ಞಾನಿ ಉಕ್ರೇನ್ ಕಡೆಯಿಂದ ವಲಸೆ ಬಂದ್ರು. ಅಲ್ಲಿನ ಕೊರೆಯೋ ಚಳಿಯಲ್ಲೇ ವಿನಿಫೆರಾ ಬೆಳೆಸಿ ಅದರ ಮೇಲೇ ಡಾಕ್ಟರೇಟ್ ಮಾಡಿದ್ದ ಮನುಷ್ಯ, ಇಲ್ಲಿ ನ್ಯೂಯಾರ್ಕ್ ರಾಜ್ಯದ್ದೇ ಜಿನೀವಾ ಅನ್ನೋ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೊಲದ ಕೂಲಿ ಕೆಲಸದಿಂದ ಶುರು ಮಾಡಬೇಕಾಯ್ತು. ಸಮಸ್ಯೆ ಚಳಿ ಒಂದೇ ಅಲ್ಲ, ಸರಿಯಾದ ಬೇರಿಗೆ ಕಸಿ ಮಾಡಿದ್ರೆ ಬಳ್ಳಿಯ ಕಟ್ಟಿಗೆ ಚಳಿಗೆ ಮುಂಚೆ ಬಲಿತು ಗಟ್ಟಿಯಾಗತ್ತೆ ಅನ್ನೋದು ಅವರ ವಾದ. ಅವರ ಮಾತು ಕಿವಿಗೆ ಹಾಕ್ಕೊಂಡಿದ್ದು ಫ್ರಾನ್ಸಿನ ಶಾಂಪೇನ್ ಪ್ರದೇಶದಿಂದ ಬಂದು ಗೋಲ್ಡ್ ಸೀಲ್ ವೈನರಿ ನೋಡ್ಕೋತಿದ್ದ ಚಾರ್ಲ್ಸ್ ಫೋರ್ನಿಯರ್. ಇಬ್ಬರೂ ಸೇರಿ ಸಾವಿರಾರು ಕಸಿ ಪ್ರಯೋಗ ಮಾಡಿದ್ರು. 1957ರ ಚಳಿಗಾಲದಲ್ಲಿ ಉಷ್ಣತೆ ಮೈನಸ್ 30ರ ಆಸುಪಾಸಿಗೆ ಇಳಿದಾಗ ಫ್ರಾಂಕ್ ಅವರ ಬಳ್ಳಿಗಳು ತಡೆದುಕೊಂಡವು. 1962ರಲ್ಲಿ ಅವರು ಕ್ಯೂಕಾ ಸರೋವರದ ದಡದಲ್ಲಿ ಶುರು ಮಾಡಿದ ವೈನರಿ ಇವತ್ತಿಗೂ ಇದೆ, ಅಲ್ಲಿಗೆ ಹೋಗದೆ ಈ ಪ್ರದೇಶ ನೋಡಿದ ಹಾಗಾಗಲ್ಲ. ಇವತ್ತು ಇಲ್ಲಿನ ರೀಸ್ಲಿಂಗಿಗೆ ಸಿಕ್ಕಿರೋ ಮರ್ಯಾದೆಯಲ್ಲಿ ದೊಡ್ಡ ಪಾಲು ಆ ಮನುಷ್ಯನ ಹಟದ್ದು.

ಈಗಲೂ ಚಳಿ ಜೊತೆಗಿನ ಲೆಕ್ಕಾಚಾರ ಮುಗಿದಿಲ್ಲ. ಅಕ್ಟೋಬರ್ ನವೆಂಬರಲ್ಲಿ ಬಳ್ಳಿಯ ಬುಡಕ್ಕೆ ಕಸಿ ಗಂಟು ಮುಚ್ಚೋ ಹಾಗೆ ಮಣ್ಣು ಏರಿಸ್ತಾರೆ, ವಸಂತದಲ್ಲಿ ಮತ್ತೆ ಬಿಡಿಸ್ತಾರೆ. ಕಾಂಡ ಒಂದು ಸತ್ರೆ ಇನ್ನೊಂದು ಇರಲಿ ಅಂತ ಎರಡು ಮೂರು ಕಾಂಡ ಬೆಳೆಸ್ತಾರೆ. ನನಗೆ ಎಲ್ಲಕ್ಕಿಂತ ಕುತೂಹಲ ಅನ್ಸೋದು ಮೊಗ್ಗಿನ ಪರೀಕ್ಷೆ. ದ್ರಾಕ್ಷಿಯ ಮೊಗ್ಗು ಹೊರಗಿಂದ ಒಂದೇ ಕಂಡ್ರೂ ಒಳಗೆ ಮೂರಿರತ್ತೆ, ನಡುವಿನದ್ದು ಮುಖ್ಯ, ಮುಕ್ಕಾಲು ಪಾಲು ಫಸಲು ಅದರದ್ದೇ, ಅದು ಹೋದ್ರೆ ಪಕ್ಕದ್ದು ಚಿಗುರತ್ತೆ ಆದ್ರೆ ಗೊಂಚಲು ಕಮ್ಮಿ. ಚಳಿಗಾಲದಲ್ಲಿ ಮೊಗ್ಗಿನೊಳಗಿನ ನೀರು ಸೊನ್ನೆಗಿಂತ ಬಹಳ ಕೆಳಗೂ ಐಸ್ ಆಗದೆ ದ್ರವವಾಗೇ ಉಳಿಯತ್ತೆ, ರೀಸ್ಲಿಂಗಿನಲ್ಲಿ ಈ ತಾಳಿಕೆ ನಡುಚಳಿಗಾಲದಲ್ಲಿ ಮೈನಸ್ 20 ದಾಟಿ ಹೋಗತ್ತೆ, ಆದ್ರೆ ಮಿತಿ ಮೀರಿದ ಕ್ಷಣ ಒಳಗೆಲ್ಲ ಐಸ್ ಕಟ್ಟಿ ಮೊಗ್ಗು ಸಾಯತ್ತೆ. ಹೊರಗಿಂದ ಏನೂ ಗೊತ್ತಾಗಲ್ಲ. ಅದಕ್ಕೆ ಕಡು ಚಳಿ ಬಂದು ಹೋದ ಮೇಲೆ ಬೆಳೆಗಾರರು ತೋಟದಿಂದ ಕಡ್ಡಿಗಳನ್ನ ಕತ್ತರಿಸಿ ತಂದು ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟು, ಬ್ಲೇಡ್ ಹಿಡಿದು ಒಂದೊಂದೇ ಮೊಗ್ಗನ್ನ ಅಡ್ಡಕ್ಕೆ ತೆಳುವಾಗಿ ಕೊಯ್ದು ನೋಡ್ತಾರೆ. ಕಡ್ಲೆ ಗಾತ್ರವೂ ಇರದ ಆ ಮೊಗ್ಗಿನ ನಡುವೆ ಹಸಿರು ಚುಕ್ಕಿ ಕಂಡ್ರೆ ಜೀವ ಇದೆ, ಕಂದು ಆಗಿದ್ರೆ ಇಲ್ಲ. ನೂರಕ್ಕೆ ಎಷ್ಟು ಸತ್ತಿವೆ ಅಂತ ಎಣಿಸಿ, ಅದಕ್ಕೆ ತಕ್ಕ ಹಾಗೆ ಆ ವರ್ಷ ಸವರುವಾಗ ಹೆಚ್ಚು ಮೊಗ್ಗು ಉಳಿಸ್ತಾರೆ.

ಇನ್ನು ಗ್ಲಾಸಿಗೆ ಬರೋಣ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲ ಇರತ್ತೆ, ಟಾರ್ಟಾರಿಕ್ ಮತ್ತು ಮ್ಯಾಲಿಕ್. ಹಣ್ಣಾಗೋ ಹೊತ್ತಲ್ಲಿ ಕಾಯಿ ಉಸಿರಾಟಕ್ಕೆ ಮ್ಯಾಲಿಕ್ ಆಮ್ಲವನ್ನ ಖರ್ಚು ಮಾಡತ್ತೆ, ಸೆಖೆ ಜಾಸ್ತಿ ಇದ್ದಷ್ಟೂ ಬೇಗ ಖರ್ಚು. ಬಿಸಿ ಪ್ರದೇಶದಲ್ಲಿ ಸಕ್ಕರೆ ಏರೋ ಹೊತ್ತಿಗೆ ಹುಳಿ ಕರಗಿ ಹೋಗಿರತ್ತೆ. ಇಲ್ಲಿ ಸೆಪ್ಟೆಂಬರ್ ಅಕ್ಟೋಬರಿನ ರಾತ್ರಿಗಳು ತಂಪು, ಹುಳಿ ಉಳಿಯತ್ತೆ, ಸರೋವರ ಹಿಮಮಂಜನ್ನ ದೂರ ಇಟ್ಟಿರೋದ್ರಿಂದ ಹಣ್ಣು ಬಳ್ಳಿ ಮೇಲೇ ಇನ್ನಷ್ಟು ವಾರ ಇದ್ದು ಪರಿಮಳ ಕೂಡಿಸಿಕೊಳ್ಳತ್ತೆ. ಅಂದ್ರೆ ಬಳ್ಳಿಯನ್ನ ಕಾಪಾಡಿದ್ದು ನೀರಿನ ಶಾಖ, ಹುಳಿಯನ್ನ ಕಾಪಾಡಿದ್ದು ರಾತ್ರಿಯ ತಂಪು, ಎರಡೂ ಒಂದೇ ಇಳಿಜಾರಿನಲ್ಲಿ ಸಿಗೋದ್ರಿಂದಲೇ ಈ ವೈನ್ ಹೀಗಿದೆ.

ಟೇಸ್ಟಿಂಗಲ್ಲಿ ಇದನ್ನ ಕಣ್ಣಾರೆ, ಅಲ್ಲ, ನಾಲಿಗೆಯಾರೆ ನೋಡೋಕೆ ಒಂದೇ ವೈನರಿಯ ಡ್ರೈ, ಅಂದ್ರೆ ಸಿಹಿ ಇಲ್ಲದ ರೀಸ್ಲಿಂಗ್ ಮತ್ತು ಸ್ವಲ್ಪ ಸಿಹಿ ಇರೋ ಸೆಮಿ ಡ್ರೈ ರೀಸ್ಲಿಂಗ್ ಅಕ್ಕಪಕ್ಕ ಇಟ್ಕೊಂಡು ಕುಡೀರಿ. ಸೆಮಿ ಡ್ರೈನಲ್ಲಿ ಸಕ್ಕರೆ ಎಷ್ಟೋ ಪಟ್ಟು ಹೆಚ್ಚಿದ್ರೂ ಪಾನಕದ ಹಾಗೆ ಅನ್ಸಲ್ಲ, ಯಾಕಂದ್ರೆ ಸಿಹಿ ಮತ್ತು ಹುಳಿ ಬಾಯಲ್ಲಿ ಒಂದನ್ನೊಂದು ತಗ್ಗಿಸ್ತವೆ. ನುಂಗಿದ ಮೇಲೆ ಕೆನ್ನೆಯ ಒಳಭಾಗ ಗಮನಿಸಿ, ಜೊಲ್ಲು ಎಷ್ಟು ಊರತ್ತೆ ಅನ್ನೋದೇ ಹುಳಿಯ ಅಳತೆ, ಸಿಹಿ ಅದನ್ನ ನಾಲಿಗೆಯಿಂದ ಮರೆಮಾಡಬಹುದು, ಜೊಲ್ಲಿನಿಂದ ಮರೆಮಾಡೋಕಾಗಲ್ಲ. ಎಷ್ಟೋ ಬಾಟಲಿಗಳ ಹಿಂದೆ ಡ್ರೈನಿಂದ ಸ್ವೀಟ್ ತನಕ ಒಂದು ಗೆರೆ ಇದ್ದು ಅದರ ಮೇಲೆ ಗುರುತು ಇರತ್ತೆ, ಆ ಗುರುತನ್ನ ಸಕ್ಕರೆ ಮಾತ್ರ ನೋಡಿ ಹಾಕಲ್ಲ, ಸಕ್ಕರೆಗೂ ಆಮ್ಲಕ್ಕೂ ಇರೋ ಅನುಪಾತ, ಪಿಎಚ್ ಎಲ್ಲ ಸೇರಿಸಿ ಹಾಕ್ತಾರೆ. ಹೊಸಬರಿಗೆ ಬಹಳ ಉಪಯೋಗದ ಗೆರೆ ಅದು.

ವಾಸನೆಗೂ ಹವಾಮಾನದ ಗುರುತಿದೆ. ಹಳೇ ರೀಸ್ಲಿಂಗಿನಲ್ಲಿ ಪೆಟ್ರೋಲ್ ಥರ ಒಂದು ವಾಸನೆ ಬಂದ್ರೆ ಕೆಟ್ಟಿದೆ ಅನ್ಕೋಬೇಡಿ, ಟಿಡಿಎನ್ ಅಂತ ಅದರ ಹೆಸರು, ಹಣ್ಣಿನ ಕ್ಯಾರೊಟಿನಾಯ್ಡ್‌ಗಳಿಂದ ಹುಟ್ಟತ್ತೆ, ಗೊಂಚಲಿಗೆ ಬಿಸಿಲು ಬಿದ್ದಷ್ಟೂ ಜಾಸ್ತಿ. ಕೆಂಪು ವೈನುಗಳಲ್ಲಿ ಇಲ್ಲಿ ಕ್ಯಾಬರ್ನೆ ಫ್ರಾಂಕ್ ಅನ್ನೋ ದ್ರಾಕ್ಷಿ ತಳಿಯದ್ದು ಚೆನ್ನಾಗಿ ಬರತ್ತೆ, ಅದರಲ್ಲಿ ಹಸಿ ಕ್ಯಾಪ್ಸಿಕಂ ವಾಸನೆ ಸಿಕ್ರೆ ಅದು ಮೆಥಾಕ್ಸಿಪೈರಜೀನ್, ಹಣ್ಣು ಮಾಗಿದ ಹಾಗೆ ಕಮ್ಮಿಯಾಗೋ ವಸ್ತು, ತಂಪು ವರ್ಷಗಳಲ್ಲಿ ಹೆಚ್ಚು ಉಳಿಯತ್ತೆ. ಸ್ವಲ್ಪ ಇದ್ರೆ ನನಗಿಷ್ಟ, ಜಾಸ್ತಿಯಾದ್ರೆ ಹಣ್ಣಿನ ರುಚಿಯೇ ಮುಚ್ಚಿ ಹೋಗತ್ತೆ. ಬಾಟಲಿ ತಳದಲ್ಲಿ ಗಾಜಿನ ಚೂರಿನಂಥ ಹರಳು ಕಂಡ್ರೂ ಹೆದರೋದು ಬೇಡ, ಟಾರ್ಟಾರಿಕ್ ಆಮ್ಲ ಪೊಟ್ಯಾಸಿಯಂ ಜೊತೆ ಸೇರಿ ಚಳಿಗೆ ಹರಳುಗಟ್ಟಿದ್ದು ಅಷ್ಟೇ. ಬಿಳಿ ವೈನನ್ನ ಫ್ರಿಜ್ಜಿಂದ ತೆಗೆದ ಕೂಡಲೇ ಕೊಟ್ರೆ ಗ್ಲಾಸನ್ನ ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡ್ಕೊಳಿ, ತೀರಾ ತಣ್ಣಗಿದ್ರೆ ಪರಿಮಳದ ಅಣುಗಳು ಮೇಲೇಳಲ್ಲ, 10 ಡಿಗ್ರಿ ಆಸುಪಾಸು ಸರಿ.

ಕಣ್ಣನ್ನ ಮಾತ್ರ ಪೂರ್ತಿ ನಂಬಬೇಡಿ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಬೋರ್ಡೋದ ಒಂದು ಪ್ರಯೋಗದಲ್ಲಿ ವೈನ್ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ವಾಸನೆ ಇಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಟ್ಟಾಗ ಅವರು ಅದನ್ನ ಕೆಂಪು ವೈನಿಗೆ ಬಳಸೋ ಪದಗಳಲ್ಲೇ ವರ್ಣಿಸಿದ್ರು.

ಹೋಗೋರಿಗೆ ನನ್ನ ಸಲಹೆ, ಒಂದು ದಿನಕ್ಕೆ ಮೂರು ವೈನರಿ ಸಾಕು, ಸೆನೆಕಾದ ಪಶ್ಚಿಮ ದಡದಲ್ಲಿ ಒಂದು, ಪೂರ್ವ ದಡದಲ್ಲಿ ಒಂದು ಅಂತ ಆರಿಸ್ಕೊಂಡು ಎರಡೂ ಕಡೆ ಒಂದೇ ವರ್ಷದ ಡ್ರೈ ರೀಸ್ಲಿಂಗ್ ಕೇಳಿ. ಡ್ರೈ ಮೊದಲು, ಸಿಹಿ ಆಮೇಲೆ, ಬಳ್ಳಿ ಮೇಲೇ ಹೆಪ್ಪುಗಟ್ಟಿದ ಹಣ್ಣಿನಿಂದ ಮಾಡೋ ಐಸ್ ವೈನ್ ಇದ್ರೆ ಕಟ್ಟಕಡೆಗೆ. ಕೌಂಟರ್ ಮೇಲಿನ ಬಕೆಟ್ ಇರೋದೇ ಉಗಿಯೋಕೆ, ಯಾರೂ ಏನೂ ಅನ್ಕೊಳಲ್ಲ, ಮತ್ತು ಕಾರ್ ಓಡಿಸೋರು ಕುಡಿಯಲೇ ಬಾರದು, ಸರೋವರದ ದಡದ ರಸ್ತೆಗಳಲ್ಲಿ ತಿರುವು ಇಳಿಜಾರು ಬಹಳ.

2023ರ ವೈನ್ ಸಿಕ್ರೆ ಅದರ ಬಗ್ಗೆ ತಪ್ಪದೆ ವಿಚಾರಿಸಿ. ಆ ವರ್ಷ ಏಪ್ರಿಲ್‌ನಲ್ಲಿ ಬೇಗ ಸೆಖೆಯಾಗಿ ಬಳ್ಳಿಗಳು ಮುಂಚಿತವಾಗಿ ಚಿಗುರಿದ್ದವು, ಮೇ 18ರ ಬೆಳಗಿನ ಜಾವ ಹಿಮಮಂಜು ಬಿದ್ದು ಎಳೇ ಚಿಗುರು ಸುಟ್ಟು ಹೋಯ್ತು. ನೀರಿನಿಂದ ದೂರ, ಎತ್ತರದಲ್ಲಿದ್ದ ತೋಟಗಳಿಗೆ ಪೆಟ್ಟು ಜಾಸ್ತಿ, ದಡಕ್ಕೆ ಹತ್ತಿರ ಇದ್ದವುಗಳಲ್ಲಿ ಎಷ್ಟೋ ಉಳ್ಕೊಂಡವು. ಯಾವ ಸಾಲು ಉಳೀತು, ಯಾವ ಸಾಲು ಹೋಯ್ತು ಅಂತ ಅಲ್ಲಿನ ಬೆಳೆಗಾರರು ಕೈ ತೋರಿಸಿ ಹೇಳ್ತಾರೆ.