ಗೊಂಬೆಯ ಶಾಪ, ಎರಡು ಕಪ್‌ನ ಸೀಸನ್: ಕಾರ್ತಹಿನೇಸ್ 81 ವರ್ಷ ಕಾದಿದ್ದು ಯಾಕೆ?

ಕೋಸ್ಟರಿಕಾದ ಕಾರ್ತಹಿನೇಸ್ ಫುಟ್‌ಬಾಲ್ ಕ್ಲಬ್ 1994ರ ಕಾಂಕಾಕಾಫ್ ಚಾಂಪಿಯನ್ಸ್ ಕಪ್ ಗೆದ್ದಿತು. ಫೈನಲ್‌ನಲ್ಲಿ ಸೋಲಿಸಿದ್ದು ಮೆಕ್ಸಿಕೊದ ಅಟ್ಲಾಂಟೆ ತಂಡವನ್ನು, 3-2ರಿಂದ. ಉತ್ತರ ಅಮೆರಿಕ, ಮಧ್ಯ ಅಮೆರಿಕ, ಕೆರಿಬಿಯನ್ ಎಲ್ಲ ಸೇರಿಸಿ ಆ ವರ್ಷ ಅದೇ ನಂಬರ್ ಒನ್ ಕ್ಲಬ್. ಆದರೆ ತನ್ನದೇ ದೇಶದ ಲೀಗ್ ಗೆದ್ದು ಅದಕ್ಕೆ ಆಗಲೇ ಅರ್ಧ ಶತಮಾನ ದಾಟಿತ್ತು. ಊರ ಹೊರಗೆ ಹುಲಿ, ಮನೆಯಲ್ಲಿ ಇಲಿ. ಈ ಮಾತು ಇನ್ನೂ ಬಹಳ ವರ್ಷ ಹಾಗೇ ಉಳಿಯಿತು.

ಮುರಿದಿದ್ದು 2021-22ರ ಸೀಸನ್‌ನಲ್ಲಿ. ಆ ಸೀಸನ್‌ನ ಎರಡನೇ ಭಾಗದಲ್ಲಿ, 2022ರ ಜುಲೈ ಮೊದಲ ವಾರ, ಕಾರ್ತಹಿನೇಸ್ ಚಾಂಪಿಯನ್ ಆಯಿತು. ಅದಕ್ಕೂ ಮುಂಚಿನ ಲೀಗ್ ಗೆಲುವು 1940ರದ್ದು. ಅಲ್ಲಿಯವರು ಇದನ್ನು 81 ವರ್ಷ ಅಂತ ಲೆಕ್ಕ ಹಾಕುತ್ತಾರೆ. ಒಂದು ಕ್ಲಬ್ಬಿಗೆ ಇಷ್ಟು ವರ್ಷ ಯಾಕೆ ಬೇಕಾಯಿತು? ಊರಿನವರನ್ನು ಕೇಳಿದರೆ ಒಂದು ಗೊಂಬೆಯ ಕತೆ ಹೇಳುತ್ತಾರೆ. ಲೀಗ್‌ನ ಇತಿಹಾಸ ನೋಡಿದರೆ ಬೇರೆಯೇ ಕತೆ ಕಾಣುತ್ತದೆ.

ಮೊದಲು ಊರಿನ ಬಗ್ಗೆ. ಕಾರ್ತಾಗೊ ಕೋಸ್ಟರಿಕಾದ ಹಳೆಯ ರಾಜಧಾನಿ. ಇರಸೂ ಜ್ವಾಲಾಮುಖಿಯ ಬುಡದಲ್ಲಿರುವ ತಂಪು ಊರು, ಮಂಜು ಜಾಸ್ತಿ. ತಂಡಕ್ಕೂ 'ಮಂಜಿನವರು' ಅಂತಲೇ ಅಡ್ಡಹೆಸರು. 1823ರಲ್ಲಿ ರಾಜಧಾನಿ ಪಟ್ಟ ಸಾನ್ ಹೊಸೆಗೆ ಹೋಯಿತು. 1910ರ ಭೂಕಂಪ ಊರನ್ನು ನೆಲಸಮ ಮಾಡಿತು. ಕ್ಲಬ್ ಹುಟ್ಟಿದ್ದು ಭೂಕಂಪಕ್ಕೂ ನಾಲ್ಕು ವರ್ಷ ಮೊದಲು, 1906ರಲ್ಲಿ. ಇವತ್ತಿನ ದೊಡ್ಡ ಕ್ಲಬ್‌ಗಳೆಲ್ಲ ವಯಸ್ಸಿನಲ್ಲಿ ಇದಕ್ಕಿಂತ ಚಿಕ್ಕವೇ. ಅಲಾಹುವೆಲೆನ್ಸೆ 1919ರದ್ದು, ಎರೆಡಿಯಾನೊ 1921ರದ್ದು, ಸಪ್ರಿಸಾ 1935ರದ್ದು.

ಕೋಸ್ಟರಿಕಾದ ಲೀಗ್ ಶುರುವಾಗಿದ್ದು 1921ರಲ್ಲಿ. ಅದು ಮಧ್ಯ ಅಮೆರಿಕದ ದೇಶಗಳ ಸ್ವಾತಂತ್ರ್ಯಕ್ಕೆ ನೂರು ತುಂಬಿದ ವರ್ಷ. ಆ ನೆನಪಿಗೆ ಗ್ವಾಟೆಮಾಲಾದಲ್ಲಿ ಕ್ರೀಡಾಕೂಟ ನಡೆಯಿತು. ಅಲ್ಲಿಗೆ ಕೋಸ್ಟರಿಕಾ ತಂಡ ಹೋಗಬೇಕಿತ್ತು, ತಂಡ ಕಳಿಸಲು ಒಂದು ಸಂಸ್ಥೆ ಬೇಕಿತ್ತು. ಹಾಗೆ ಹುಟ್ಟಿದ್ದು ಲೀಗ್. ತಂಡ ಹೋಗಿ ಎಲ್ ಸಾಲ್ವಡಾರ್ ಮೇಲೆ ಏಳು, ಗ್ವಾಟೆಮಾಲಾ ಮೇಲೆ ಆರು ಗೋಲು ಹೊಡೆದು ಬಂತು. ಲೀಗ್‌ನ ಮೊದಲ ಚಾಂಪಿಯನ್ ಎರೆಡಿಯಾನೊ. ಕಾರ್ತಹಿನೇಸ್‌ಗೆ ಮೊದಲ ಕಪ್ ಸಿಕ್ಕಿದ್ದು ಎರಡೇ ವರ್ಷಕ್ಕೆ, 1923ರಲ್ಲಿ. ಆಮೇಲೆ 1936, ಆಮೇಲೆ 1940. ಆ ಕಾಲದಲ್ಲಿ ಅದು ಬಡಪಾಯಿ ತಂಡವೇನಲ್ಲ. ಈಗ ಸ್ಟೇಡಿಯಂಗೆ ಯಾರ ಹೆಸರಿದೆಯೋ ಆ ಫೆಯ್ಯೊ ಮೆಸಾ ಆಗ ತಂಡದ ದೊಡ್ಡ ಸ್ಟಾರ್.

ಶಾಪದ ಕತೆ ಹುಟ್ಟುವುದೇ 1940ರ ಗೆಲುವಿನ ರಾತ್ರಿ. ಗೆದ್ದ ಖುಷಿಯಲ್ಲಿ ಆಟಗಾರರು ಕುಡಿದು, ಕುದುರೆ ಹತ್ತಿ, ಊರಿನ ಬಸಿಲಿಕಾ ಒಳಗೇ ನುಗ್ಗಿದರಂತೆ. ಕೆರಳಿದ ಪಾದ್ರಿ 'ಇನ್ನು ನೀವು ಗೆಲ್ಲಲ್ಲ' ಅಂತ ಶಾಪ ಹಾಕಿದರಂತೆ. ಇನ್ನೊಂದು ಕತೆಯಲ್ಲಿ ಕುದುರೆಯೂ ಇಲ್ಲ, ಪಾದ್ರಿಯೂ ಇಲ್ಲ. ಯಾರೋ ಮಾಟ ಮಾಡಿ ಸ್ಟೇಡಿಯಂ ಮೈದಾನದ ಅಡಿ ಒಂದು ಗೊಂಬೆ ಹೂತಿದ್ದಾರೆ, ಅದು ಸಿಗುವವರೆಗೆ ಕಪ್ ಬರಲ್ಲ ಅಂತ. ಎದುರಾಳಿ ಅಭಿಮಾನಿಗಳಿಗೆ ಗೊಂಬೆಯೇ ಇಷ್ಟ. ಕಾರ್ತಹಿನೇಸ್ ಸೋಲುವ ಹಾದಿ ಹಿಡಿಯಿತು ಅಂದರೆ ಗ್ಯಾಲರಿಯಿಂದ ಗೊಂಬೆಯ ಹೆಸರು ಕೂಗುತ್ತಾರೆ.

ಶಾಪದ ಕತೆಗೆ ಬಸಿಲಿಕಾನೇ ಯಾಕೆ ಬಂತು ಅನ್ನುವುದು ಆ ಊರಿಗೆ ಆಗಸ್ಟ್ 2ರಂದು ಹೋದವರಿಗೆ ಗೊತ್ತಾಗುತ್ತದೆ. ಅವತ್ತು ದೇಶದ ಮೂಲೆಮೂಲೆಯಿಂದ ಜನ ನಡೆದು ಬರುತ್ತಾರೆ. ಸಾನ್ ಹೊಸೆಯಿಂದಲೇ ಇಪ್ಪತ್ತು ಕಿಲೋಮೀಟರ್‌ಗೂ ಜಾಸ್ತಿ ದಾರಿ. ರಾತ್ರಿಯಿಡೀ ಹೆದ್ದಾರಿ ತುಂಬ ಜನ. ಬಸಿಲಿಕಾ ಬಾಗಿಲು ತಲುಪಿದ ಮೇಲೆ ಎಷ್ಟೋ ಮಂದಿ ಮಂಡಿಯೂರಿ, ಮಂಡಿಯಲ್ಲೇ ಸರಿಯುತ್ತಾ ಬಲಿಪೀಠದ ತನಕ ಹೋಗುತ್ತಾರೆ. ಅಲ್ಲಿರುವುದು ಒಂದು ಗೇಣಿನಷ್ಟು ಎತ್ತರದ ಕಪ್ಪು ಕಲ್ಲಿನ ಮೇರಿ ಮೂರ್ತಿ, ಜನ ಪ್ರೀತಿಯಿಂದ 'ಲಾ ನೆಗ್ರಿತಾ' ಅನ್ನುತ್ತಾರೆ. ಹಿಂದಿನ ಒರತೆಯ ನೀರು ತುಂಬಿಕೊಳ್ಳಲು ಬಾಟಲಿ ಹಿಡಿದ ಸಾಲು ಬೇರೆ. ದೇಶವೇ ಮಂಡಿಯೂರುವ ಜಾಗಕ್ಕೆ ಕುದುರೆ ನುಗ್ಗಿಸಿದ್ದಾರೆ ಅಂದರೆ ಶಾಪ ತಟ್ಟದೇ ಇರುತ್ತಾ ಅನ್ನುವುದು ಜನರ ಲೆಕ್ಕ.

ಈಗ ಲೀಗ್‌ನ ಲೆಕ್ಕ. 1949ರಲ್ಲಿ ಸಪ್ರಿಸಾ ಮೊದಲ ಡಿವಿಜನ್‌ಗೆ ಬಡ್ತಿ ಪಡೆಯಿತು. ರಿಕಾರ್ಡೊ ಸಪ್ರಿಸಾ ಅನ್ನುವ ಬಟ್ಟೆ ಉದ್ಯಮಿಯ ಬೆಂಬಲ ಇದ್ದ ತಂಡ, ರಾಜಧಾನಿಯ ಜನಸಂಖ್ಯೆ ಬೆನ್ನಿಗೆ. 1959ರಲ್ಲಿ ವಿಮಾನ ಹತ್ತಿ ವಿಶ್ವ ಪ್ರವಾಸಕ್ಕೇ ಹೋಗಿಬಂತು. 1972ರಿಂದ 1977ರವರೆಗೆ ಸತತ ಆರು ಸಲ ಚಾಂಪಿಯನ್. 2005ರಲ್ಲಿ ಜಪಾನ್‌ನಲ್ಲಿ ನಡೆದ ಕ್ಲಬ್ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ. ಆ ಕಡೆ ಅಲಾಹುವೆಲೆನ್ಸೆ. ಅದರ ಸ್ಟೇಡಿಯಂಗೆ ಹೆಸರಿರುವ ಅಲೆಹಾಂದ್ರೊ ಮೊರೇರಾ ಸೊತೊ 1930ರ ದಶಕದಲ್ಲೇ ಬಾರ್ಸಿಲೋನಾಗೆ ಆಡಿದವನು. ಮೂರನೆಯದು ಎರೆಡಿಯಾನೊ. ಈಸ್ಟ್ ಬೆಂಗಾಲ್ ಡಿಫೆನ್ಸ್‌ನಲ್ಲಿ ಆಡಿದ ಜಾನಿ ಅಕೋಸ್ಟಾ ನೆನಪಿದ್ದಾರಾ? ಅವರು ಈ ಕೊನೆಯ ಎರಡೂ ಕ್ಲಬ್‌ಗೆ ಆಡಿ ಬಂದವರು.

ಈ ಮೂರೂ ಕ್ಲಬ್‌ಗಳ ಊರು, ಜೊತೆಗೆ ಕಾರ್ತಾಗೊ, ಎಲ್ಲಾ ಸೇರಿದರೂ ಬೆಂಗಳೂರಿನಿಂದ ರಾಮನಗರಕ್ಕೆ ಹೋದಷ್ಟೇ ದೂರದೊಳಗೆ ಬರುತ್ತವೆ. ಅದೇ ಕಾರ್ತಹಿನೇಸ್‌ನ ಕಷ್ಟ. ದೂರದ ಊರಿನ ತಂಡವಾಗಿದ್ದರೆ ತನ್ನ ಸೀಮೆಯ ಹುಡುಗರಾದರೂ ತನ್ನಲ್ಲೇ ಉಳಿಯುತ್ತಿದ್ದರೇನೋ. ಇಲ್ಲಿ ಹಾಗಲ್ಲ. ಒಳ್ಳೆ ಆಟಗಾರ ಮನೆ ಬದಲಿಸದೇ ದೊಡ್ಡ ಕ್ಲಬ್‌ಗೆ ಸೇರಬಹುದು. ಟಿಕೆಟ್ ಹಣ, ಪ್ರಾಯೋಜಕರು, ಟಿವಿ, ಎಲ್ಲವೂ ಆ ಮೂವರ ಕಡೆಗೇ. 20ನೇ ಶತಮಾನದ ಎರಡನೇ ಅರ್ಧದಲ್ಲಿ ಈ ಮೂವರ ಕೈತಪ್ಪಿದ ಕಪ್‌ಗಳನ್ನು ಬೆರಳಲ್ಲಿ ಎಣಿಸಬಹುದು. 1963ರಲ್ಲಿ ಉರುಗ್ವೆ ದೆ ಕೊರೊನಾದೊ, 1986ರಲ್ಲಿ ಪೆಸಿಫಿಕ್ ತೀರದ ಪುಂತರೇನಾಸ್ ಗೆದ್ದಿದ್ದು ಅಂಥವು. ಇಡೀ ವರ್ಷ ಪಾಯಿಂಟ್ ಕೂಡಿಸುವ ಓಟದಲ್ಲಿ ದೊಡ್ಡ ಬೆಂಚ್ ಇರುವವನೇ ಗೆಲ್ಲುತ್ತಾನೆ. ಇದಕ್ಕೆ ಗೊಂಬೆ ಬೇಕಿಲ್ಲ.

ಕತೆ ತಿರುಗಿದ್ದು ಎಲ್ಲಿ? ದಕ್ಷಿಣದಲ್ಲಿ. 1991ರಲ್ಲಿ ಅರ್ಜೆಂಟೀನಾ ತನ್ನ ಸೀಸನ್ ಅನ್ನು ಅಪೆರ್ತುರಾ, ಕ್ಲೌಸುರಾ ಅಂತ ಎರಡು ತುಂಡು ಮಾಡಿತು. ಸೀಸನ್‌ನ ಮೊದಲರ್ಧಕ್ಕೆ ಒಬ್ಬ ಗೆಲ್ಲುವವನು, ಎರಡನೇ ಅರ್ಧಕ್ಕೆ ಇನ್ನೊಬ್ಬ. 1996ರಲ್ಲಿ ಮೆಕ್ಸಿಕೊ ಅದೇ ದಾರಿ ಹಿಡಿಯಿತು, ಜೊತೆಗೆ ತನ್ನ ಹಳೆಯ ಪ್ಲೇ-ಆಫ್ ಪದ್ಧತಿಯನ್ನೂ ಉಳಿಸಿಕೊಂಡಿತು. ಮೆಕ್ಸಿಕೊ ಸೀನಿದರೆ ಮಧ್ಯ ಅಮೆರಿಕಕ್ಕೆ ನೆಗಡಿ. 90ರ ದಶಕ ಮುಗಿಯುವ ಹೊತ್ತಿಗೆ ಹೊಂಡುರಾಸ್, ಎಲ್ ಸಾಲ್ವಡಾರ್, ಗ್ವಾಟೆಮಾಲಾ, ಕೋಸ್ಟರಿಕಾ ಎಲ್ಲರೂ ಸೀಸನ್ ತುಂಡು ಮಾಡಿದ್ದರು. ಕಾರಣ ಸರಳ, ದುಡ್ಡು. ವರ್ಷಕ್ಕೆ ಒಂದು ಫೈನಲ್ ಬದಲು ಎರಡು ಫೈನಲ್. ಎರಡು ಸಲ ಸ್ಟೇಡಿಯಂ ತುಂಬುತ್ತದೆ, ಎರಡು ಸಲ ಟಿವಿ ಮುಂದೆ ಜನ ಕೂರುತ್ತಾರೆ. ಐದು ಪಂದ್ಯ ಸೋತ ತಂಡಕ್ಕೂ ಆರು ತಿಂಗಳಲ್ಲಿ ಹೊಸ ಶುರು.

ಕೋಸ್ಟರಿಕಾ ಶುರುವಿಗೆ ಪೂರ್ತಿ ಧೈರ್ಯ ಮಾಡಲಿಲ್ಲ. ಅಪೆರ್ತುರಾ ಗೆದ್ದವರೂ ಕ್ಲೌಸುರಾ ಗೆದ್ದವರೂ ಆಡಿ, ಅವರಲ್ಲಿ ಒಬ್ಬರೇ ವರ್ಷದ ಚಾಂಪಿಯನ್. 2007ರಿಂದ ಆ ಅಳುಕೂ ಹೋಯಿತು. ವರ್ಷಕ್ಕೆ ಎರಡು ಪೂರ್ಣ ಚಾಂಪಿಯನ್ ಪಟ್ಟ. 12 ತಂಡ, ಒಂದೊಂದು ಟೂರ್ನಿಯಲ್ಲಿ 22 ಪಂದ್ಯ, ಮೊದಲ ನಾಲ್ಕು ತಂಡ ಸೆಮಿಫೈನಲ್‌ಗೆ ಅನ್ನುವುದು ಆಗ ನಿಧಾನಕ್ಕೆ ಗಟ್ಟಿಯಾದ ರೂಪ.

ಫಲ ಬೇಗನೇ ಕಾಣಿಸಿತು. 2009ರಲ್ಲಿ ಒಂದೇ ವರ್ಷದಲ್ಲಿ ಎರಡು ಅಚ್ಚರಿ: ವಾಯವ್ಯದ ಲಿಬೇರಿಯಾ ಮಿಯಾ ಒಂದು ಕಪ್, ಬ್ರುಹಾಸ್ ಇನ್ನೊಂದು. 2017ರಲ್ಲಿ ಪೆರೆಸ್ ಸೆಲೆದೋನ್ ಚಾಂಪಿಯನ್, ಗೋಲ್‌ಕೀಪರ್ ಕೇಲರ್ ನವಾಸ್ ಹುಟ್ಟಿದ ಸೀಮೆಯದು. 2019ರಲ್ಲಿ ಉತ್ತರದ ಸಾನ್ ಕಾರ್ಲೋಸ್, ಅದೂ ಸಪ್ರಿಸಾವನ್ನೇ ಫೈನಲ್‌ನಲ್ಲಿ ಮೀರಿಸಿ. ಬ್ರುಹಾಸ್ ಕ್ಲಬ್ ಈಗ ಇಲ್ಲವೇ ಇಲ್ಲ! ಇದ್ದು ಗೆದ್ದು ಮಾಯವಾದವರಿಗೂ ಕಪ್ ಸಿಕ್ಕಿತು, 1906ರಿಂದ ಇದ್ದ ಕಾರ್ತಹಿನೇಸ್‌ಗೆ ಸಿಗಲಿಲ್ಲ. ಶಾಪದ ಕತೆ ನಂಬುವವರನ್ನು ಸುಮ್ನೆ ನಗುವ ಹಾಗಿಲ್ಲ ಅನ್ನಿಸುವುದು ಇಲ್ಲೇ.

ಅದರಲ್ಲೂ 2013. ಫೈನಲ್‌ನ ಮೊದಲ ಪಂದ್ಯ ಕಾರ್ತಾಗೊದಲ್ಲಿ. ಎರೆಡಿಯಾನೊ ಮೇಲೆ 3-1 ಗೆಲುವು. ಎರಡು ಗೋಲಿನ ಮುನ್ನಡೆ ಕೈಯಲ್ಲಿದೆ. ಎರಡನೇ ಪಂದ್ಯ ಎರೆದಿಯಾದಲ್ಲಿ. ಅಲ್ಲಿ ಅದೇ 3-1, ಆದರೆ ಉಲ್ಟಾ. ಒಟ್ಟು ಸಮ. ಪೆನಾಲ್ಟಿ ಶೂಟೌಟ್. ಸೋಲು. ಆಮೇಲಿನ ಎರಡು ವರ್ಷ, 2014 ಮತ್ತು 2015ರಲ್ಲಿ, ದೇಶದ ನಾಕೌಟ್ ಕಪ್ ಅನ್ನು ಕಾರ್ತಹಿನೇಸ್ ಗೆದ್ದಿತು. ಅಭಿಮಾನಿಗಳು ಖುಷಿಪಟ್ಟರು, ಆದರೆ ಅದು ಲೀಗ್ ಅಲ್ಲವಲ್ಲ.

ಇಷ್ಟರಲ್ಲಿ ಕೋಸ್ಟರಿಕಾದ ಲೀಗ್‌ನವರು ಇನ್ನೊಂದು ನಿಯಮ ಸೇರಿಸಿದ್ದರು. ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಂಠೀರವ ಸ್ಟೇಡಿಯಂ ನೆನಪಿಸಿಕೊಂಡರೆ ಸಾಕು. 2017-18ರ ಐಎಸ್‌ಎಲ್‌ನಲ್ಲಿ ಬೆಂಗಳೂರು ಎಫ್‌ಸಿ 40 ಪಾಯಿಂಟ್‌ನೊಂದಿಗೆ ಪಟ್ಟಿಯಲ್ಲಿ ಮೊದಲು, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಪಾಯಿಂಟ್ ಮುಂದೆ. ಫೈನಲ್ ಕಂಠೀರವದಲ್ಲೇ. ಚೆನ್ನೈಯಿನ್ 3-2ರಿಂದ ಗೆದ್ದು ಕಪ್ ಎತ್ತಿಕೊಂಡು ಹೋಯಿತು. ಆ ಉರಿ ಇನ್ನೂ ಆರದವರು ಬೆಂಗಳೂರಲ್ಲಿ ಇದ್ದಾರೆ. ಕೋಸ್ಟರಿಕಾದ ನಿಯಮ ಇಂಥ ಉರಿಗೇ ಮದ್ದು. ಪ್ಲೇ-ಆಫ್ ಗೆದ್ದ ತಂಡವೂ ಪಟ್ಟಿಯಲ್ಲಿ ಮೊದಲಿದ್ದ ತಂಡವೂ ಒಂದೇ ಆಗಿದ್ದರೆ ಮುಗಿಯಿತು, ಅದೇ ಚಾಂಪಿಯನ್. ಬೇರೆ ಬೇರೆ ಆಗಿದ್ದರೆ ಆ ಇಬ್ಬರ ನಡುವೆ ಮತ್ತೆ ಎರಡು ಪಂದ್ಯ. ಅದರ ಹೆಸರು ಗ್ರಾನ್ ಫೈನಲ್. ಫೈನಲ್ ಆದ ಮೇಲೆ ಇನ್ನೊಂದು ಫೈನಲ್! ಹೊಸಬರಿಗೆ ತಲೆ ಕೆಡುತ್ತದೆ, ನಿಜ. ಆದರೆ 22 ಪಂದ್ಯ ಬೆವರು ಸುರಿಸಿದ ತಂಡಕ್ಕೆ ಇದಕ್ಕಿಂತ ನ್ಯಾಯದ ದಾರಿ ನನಗಂತೂ ಕಾಣುತ್ತಿಲ್ಲ.

2021ಕ್ಕೆ ಲೀಗ್‌ಗೆ ನೂರು ತುಂಬಿತು. ಆ ವರ್ಷದ ಅಪೆರ್ತುರಾ ಗೆದ್ದಿದ್ದು ಎರೆಡಿಯಾನೊ, 1921ರ ಚಾಂಪಿಯನ್ನೇ. ಅಲ್ಲಿಗೆ ಹಳೆಯ ಲೆಕ್ಕವೇ ಮುಂದುವರಿದಂತಿತ್ತು. ಕ್ಲೌಸುರಾದಲ್ಲಿ ಪಟ್ಟಿಯ ಮೊದಲ ಸ್ಥಾನ ಅಲಾಹುವೆಲೆನ್ಸೆಗೆ. ಹಳೆಯ ಪಾಯಿಂಟ್ ಪದ್ಧತಿ ಇದ್ದಿದ್ದರೆ ಕಪ್ ಅಲ್ಲಿಗೇ ಹೋಗುತ್ತಿತ್ತು, ಯಾರೂ ತಕರಾರು ಎತ್ತುತ್ತಿರಲಿಲ್ಲ. ಆದರೆ ಕೋಚ್ ಗೈನೆರ್ ಸೆಗುರಾ ಅವರ ಕಾರ್ತಹಿನೇಸ್ ಪ್ಲೇ-ಆಫ್ ದಾಟಿ ಬಂತು. ಹಾಗಾಗಿ ಗ್ರಾನ್ ಫೈನಲ್. ಒಂದು ಪಂದ್ಯ ಕಾರ್ತಾಗೊದಲ್ಲಿ, ಕೊನೆಯದು ಅಲಾಹುವೆಲಾದ ಮೊರೇರಾ ಸೊತೊ ಸ್ಟೇಡಿಯಂನಲ್ಲಿ.

ಕ್ಯೂಬಾದ ಸ್ಟ್ರೈಕರ್ ಮಾರ್ಸೆಲ್ ಹೆರ್ನಾಂದೆಸ್ ತಂಡದ ಮುಂಚೂಣಿಯಲ್ಲಿದ್ದ. ಇದೇ ಅಲಾಹುವೆಲೆನ್ಸೆಗೆ ಆಡಿ, ಮತ್ತೆ ಕಾರ್ತಾಗೊಗೆ ಮರಳಿದ್ದವನು. ದೊಡ್ಡ ಕ್ಲಬ್‌ಗೆ ಹೋದ ಆಟಗಾರ ವಾಪಸ್ ಬರುವುದು ಅಲ್ಲಿ ಅಪರೂಪ, ಹಾಗಾಗಿ ಹೇಳಿದೆ. ತವರಿನಲ್ಲಿ ಸಿಕ್ಕ ಮುನ್ನಡೆಯನ್ನು ಈ ಸಲ ಕಾರ್ತಹಿನೇಸ್ ಬಿಟ್ಟುಕೊಡಲಿಲ್ಲ. 2013ರಲ್ಲಿ ಎರೆದಿಯಾದಲ್ಲಿ ಆದದ್ದು ಅಲಾಹುವೆಲಾದಲ್ಲಿ ಆಗಲಿಲ್ಲ. ಎದುರಾಳಿಯ ಮೈದಾನದಲ್ಲೇ ಕಪ್ ಕೈಗೆ ಬಂತು.

1940ರ ಗೆಲುವು ಕಣ್ಣಾರೆ ಕಂಡು ನೆನಪಿಟ್ಟವರು ಯಾರಾದರೂ ಇದ್ದರೆ ಆಗ ತೊಂಬತ್ತರ ಆಸುಪಾಸು. ಅವರ ಮಕ್ಕಳು, ಮೊಮ್ಮಕ್ಕಳು ಒಂದು ಲೀಗ್ ಕಪ್ಪನ್ನೂ ನೋಡದೇ ಆ ನೀಲಿ-ಬಿಳಿ ಅಂಗಿ ಹಾಕಿ ದೊಡ್ಡವರಾದವರು. ತಿಂಗಳೊಳಗೇ ಆಗಸ್ಟ್ 2ರ ನಡಿಗೆಯೂ ಬಂತು. ಹರಕೆ ತೀರಿಸುವವರಿಗೆ ಬೇರೆ ದಿನ ಹುಡುಕುವ ಕೆಲಸವೇ ಇರಲಿಲ್ಲ.

ಸಣ್ಣ ಟೂರ್ನಿಗಳ ಪದ್ಧತಿ ಸರಿಯೋ ತಪ್ಪೋ ಅನ್ನುವ ಜಗಳ ಅಲ್ಲಿ ಇವತ್ತಿಗೂ ನಿಂತಿಲ್ಲ. ಕೋಚ್‌ಗಳಿಗೆ ತಂಡ ಕಟ್ಟಲು ಪುರುಸೊತ್ತಿಲ್ಲ, ನಾಲ್ಕು ಪಂದ್ಯ ಸೋತರೆ ಕೆಲಸ ಹೋಗುತ್ತದೆ, ಹುಡುಗರನ್ನು ಬೆಳೆಸುವ ತಾಳ್ಮೆ ಯಾರಿಗೂ ಇಲ್ಲ ಅನ್ನುವುದು ಒಂದು ಕಡೆಯ ವಾದ. ಅದರಲ್ಲಿ ಹುರುಳಿದೆ. ಇನ್ನೊಂದು ಕಡೆಯವರು ಲಿಬೇರಿಯಾ, ಸಾನ್ ಕಾರ್ಲೋಸ್, ಕಾರ್ತಾಗೊ ಅಂತ ಪಟ್ಟಿ ಓದುತ್ತಾರೆ. ಈ ಬಾಗಿಲು ತೆರೆದಿದ್ದು ಆ ಪದ್ಧತಿಯೇ ಅನ್ನುವುದು ನನ್ನ ಅಭಿಪ್ರಾಯ ಕೂಡ. ಆದರೆ ಬಾಗಿಲು ಅಗಲವಾಗಿ ತೆರೆದಿದೆ ಅಂತ ಯಾರೂ ಅಂದುಕೊಳ್ಳಬೇಕಿಲ್ಲ. ಕಾರ್ತಹಿನೇಸ್ ಗೆದ್ದ ಮೇಲೆ ನಡೆದ ನಾಲ್ಕು ಟೂರ್ನಿಗಳನ್ನೂ ಸಪ್ರಿಸಾ ಗೆದ್ದಿತು. 2024ರ ಕ್ಲೌಸುರಾ ಮುಗಿದಾಗ ಅದರ ಒಟ್ಟು ಲೀಗ್ ಕಪ್‌ಗಳು 40. ಕಾರ್ತಹಿನೇಸ್‌ದು ನಾಲ್ಕು.